ಕೂಡಿಸಿ ಹೇಳಿದ ಐದು ವರ್ಷ

ನನ್ನ ಹೆಂಡತಿಯ ತಮ್ಮನ ಬಲಗೈಯ ಮೂರು ಬೆರಳು ಮರದ ಮಿಲ್ಲಿನಲ್ಲಿ ಹೋದವು. ಅವತ್ತು ಬೆಳಿಗ್ಗೆ ಆ ಗರಗಸದ ಚಕ್ರಕ್ಕೆ ಅರ ಹಾಕಿ ಹಲ್ಲು ಹರಿತ ಮಾಡಿ ಕೊಟ್ಟವನು ನಾನೇ. ಅದಕ್ಕೆ ನನಗೆ ಅಳುಕಿಲ್ಲ. ಹಲ್ಲು ಮೊಂಡಾಗಿದ್ದರೆ ಮರ ಎಗರಿ ಎದೆಗೇ ಬಡಿಯುತ್ತಿತ್ತು. ನನ್ನನ್ನು ಒಳಗೊಳಗೇ ತಿನ್ನುವುದು ಬೇರೆಯೇ ಇದೆ.

ಗಾಯ ಮಾಗಿದ ಮೇಲೆ ಪರಿಹಾರದ ಆಫೀಸಿನಿಂದ ಕರೆ ಬಂತು. ಅವನಿಗೆ ಬರೆಯಲು ಕೈಯಿಲ್ಲ, ನನಗೆ ಅಂಕಿ ಬಿಟ್ಟರೆ ಓದು ಬಾರದು. ಇಬ್ಬರೂ ಸೇರಿ ಒಂದು ಆಳಾದೆವು ಎಂದು ಅವನೇ ನಕ್ಕ. ಅವನ ಆಸೆ ದೊಡ್ಡದೇನಲ್ಲ. ಬೀಗದಕೈ ಕೊರೆಯುವ ಸಣ್ಣ ಯಂತ್ರ, ಅದನ್ನಿಡಲು ಬಸ್ ನಿಲ್ದಾಣದ ಹತ್ತಿರ ಒಂದು ಗೂಡಂಗಡಿ. ಎಡಗೈಯಲ್ಲಿ ಆಗುವ ಕೆಲಸ.

ಅಲ್ಲಿದ್ದ ಕ್ಲರ್ಕಮ್ಮ ತಾಳ್ಮೆಯವಳು. ಪೆನ್ಸಿಲ್ ಹಿಡಿದು ತಿಳಿಸಿ ಹೇಳಿದಳು. ತಿಂಗಳ ಸಂಬಳದಲ್ಲಿ ಇಷ್ಟು ಪಾಲು ಎಂದು ಒಂದು. ದುಡಿಯುವ ಶಕ್ತಿ ನೂರಕ್ಕೆ ಎಷ್ಟು ಹೋಯಿತು ಎಂದು ಡಾಕ್ಟರು ಬರೆದದ್ದು ಇನ್ನೊಂದು. ವಯಸ್ಸಿಗೆ ತಕ್ಕ ಅಂಕಿ ಮೂರನೆಯದು. ಮೂರನ್ನೂ ಗುಣಿಸಿದರೆ ಬರುವುದೇ ದುಡ್ಡು. ವಯಸ್ಸಿನ ಪಟ್ಟಿ ಮೇಜಿನ ಗಾಜಿನಡಿ ಇತ್ತು. ಅವಳ ಬೆರಳು ಅದರ ಮೇಲೆ ಇಳಿಯುತ್ತಾ ಹೋಗಿ ನಲವತ್ತಮೂರರಲ್ಲಿ ನಿಂತಿತು.

“ವಯಸ್ಸು ಕಮ್ಮಿ ಇದ್ದಷ್ಟೂ ಈ ಅಂಕಿ ಜಾಸ್ತಿ,” ಅಂದಳು. “ಮುಂದೆ ದುಡಿಯೋ ವರ್ಷ ಜಾಸ್ತಿ ಇರುತ್ತಲ್ಲ, ಅದಕ್ಕೆ.”

ಅವನಿಗೆ ನಿಜವಾಗಿ ಮೂವತ್ತೆಂಟು.

ಇಪ್ಪತ್ತಮೂರು ವರ್ಷದ ಹಿಂದೆ ನನ್ನ ಮಾವ ತೀರಿಕೊಂಡಾಗ ಅವನನ್ನು ಮಿಲ್ಲಿಗೆ ಕರೆದುಕೊಂಡು ಹೋದವನು ನಾನು. ಹದಿನೆಂಟು ತುಂಬದವರನ್ನು ಚಕ್ರದ ಹತ್ತಿರ ಬಿಡುತ್ತಿರಲಿಲ್ಲ. ಅವನಿಗೆ ಆಗ ಹದಿನೈದು, ಆಳೆತ್ತರ ಬೆಳೆದಿದ್ದ. ವಯಸ್ಸೆಷ್ಟು ಎಂದು ಮಿಲ್ಲಿನ ಲೆಕ್ಕ ಬರೆಯುವ ರೈಟರು ಕೇಳಿದಾಗ ಅವನು ಬಾಯಿ ತೆರೆಯುವ ಮೊದಲೇ ನಾನು ಇಪ್ಪತ್ತು ಅಂದೆ. ಸರಿಯಾಗಿ ಹದಿನೆಂಟು ಅಂದರೆ ಅನುಮಾನ ಬಂದೀತು ಎಂದು ಇನ್ನೆರಡು ಸೇರಿಸಿದ್ದೆ. ಎಂಥ ಜಾಣತನ ಎಂದು ದಾರಿಯುದ್ದಕ್ಕೂ ಹೆಮ್ಮೆಪಟ್ಟಿದ್ದೆ. ಅವನ ಹುಟ್ಟಿಗೆ ಕಾಗದವೇ ಇರಲಿಲ್ಲ. ಮುಂದೆ ಆದ ಕಾರ್ಡು, ಪುಸ್ತಕ ಎಲ್ಲಕ್ಕೂ ಆ ರೈಟರ ಇಪ್ಪತ್ತೇ ತಾಯಿಬೇರು.

ಬಂದ ಮೊತ್ತ ಯಂತ್ರಕ್ಕೆ ಸಾಕು, ಗೂಡಂಗಡಿಗೆ ಸಾಲದು. ಮುಂದಿನ ವಾರ ಬಂದು ಹೆಬ್ಬೆಟ್ಟು ಒತ್ತಿ, ಆಮೇಲೆ ಏನೂ ಬದಲಾಗುವುದಿಲ್ಲ ಎಂದಳು ಕ್ಲರ್ಕಮ್ಮ. ಅವನು ನನ್ನ ಕಡೆ ನೋಡಲಿಲ್ಲ. ನಾನೂ ಸುಮ್ಮನಿದ್ದೆ. ನನ್ನ ನಿವೃತ್ತಿಗೆ ಎರಡೇ ತಿಂಗಳಿತ್ತು. ಸುಳ್ಳು ಬರೆಸಿದವರ ಕೊನೆಯ ದುಡ್ಡನ್ನು ಮಿಲ್ಲಿನವರು ತಡೆಹಿಡಿದದ್ದನ್ನು ಕಣ್ಣಾರೆ ಕಂಡಿದ್ದೆ.

ಐದು ದಿನ ಹಾಗೇ ಕಳೆದೆ. ನಡುಮನೆಯ ಗೋಡೆಯ ಮೇಲೆ ನಮ್ಮ ಮದುವೆಯ ಫೋಟೋ ಇದೆ. ಅಮ್ಮನ ಹತ್ತಿರ ನಿಲ್ಲದೆ ರಂಪ ಮಾಡಿದ ಎಂಟು ತಿಂಗಳ ತಮ್ಮನನ್ನು ನನ್ನವಳು ಮದುಮಗಳಾಗಿ ತೊಡೆಯ ಮೇಲೆ ಕೂರಿಸಿಕೊಂಡಿದ್ದಾಳೆ. ಆರನೆಯ ದಿನ ಅದನ್ನು ಇಳಿಸಿ, ಹಿಂದಿನ ರಟ್ಟು ಬಿಚ್ಚಿದೆ. ಸ್ಟುಡಿಯೋದ ಮೊಹರು, ಕೆಳಗೆ ಮೂವತ್ತೇಳು ವರ್ಷ ಹಿಂದಿನ ತಾರೀಖು.

ಏನು ಮಾಡ್ತಿದ್ದೀರಿ ಎಂದು ಕೇಳಿದಳು ನನ್ನವಳು. ಹೇಳಿದೆ. ಮಿಲ್ಲಿನವರಿಗೆ ಗೊತ್ತಿದ್ದೇ ತಮ್ಮನನ್ನು ಸೇರಿಸಿಕೊಂಡರು ಎಂದು ಅವಳು ಇಷ್ಟು ವರ್ಷ ನಂಬಿದ್ದಳು. ಆಮೇಲೆ ಫೋಟೋವನ್ನು ಹಳೆಯ ಟವೆಲಿನಲ್ಲಿ ಸುತ್ತಿ ನನ್ನ ಚೀಲಕ್ಕೆ ಹಾಕಿದಳು.

ಮರುದಿನ ಆಫೀಸಿನಲ್ಲಿ ಮೈದುನನ ನಿಜವಾದ ವಯಸ್ಸು ಹೇಳಿ ಫೋಟೋ ಕೊಟ್ಟೆ. ಕ್ಲರ್ಕಮ್ಮ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು, ಮೇಲಿನವರ ಕೋಣೆಗೆ ಒಯ್ದು ಬಂದಳು. ಆಗಬಹುದು, ಆದರೆ ಸುಳ್ಳು ವಯಸ್ಸು ಹೇಳಿದವರು ಯಾರು ಎಂದು ಬರೆಯಬೇಕು, ಅದರ ಪ್ರತಿ ಮಿಲ್ಲಿಗೂ ಹೋಗುತ್ತದೆ ಎಂದಳು.

“ನಾನೇ ಹೇಳಿದ್ದು,” ಅಂದ ಮೈದುನ. “ಹುಡುಗು ಬುದ್ಧಿ.”

ಕ್ಲರ್ಕಮ್ಮ ಕಾಗದದ ಮೇಲೆ ಪೆನ್ನು ಊರಿದಳು. ಫ್ಯಾನು ತಿರುಗುತ್ತಿತ್ತು. ಪೆನ್ನು ಒಂದು ಅಕ್ಷರ ಬರೆಯಿತು, ಎರಡು ಬರೆಯಿತು. ಅವನೇ ಹೊರಲಿ ಎಂದು ನನ್ನ ಮನಸ್ಸು ಅಷ್ಟು ಹೊತ್ತು ಆಸೆಪಟ್ಟಿತು. ಬೆರಳು ಕೊಟ್ಟವನು ಇದನ್ನೂ ಕೊಡಲಿ ಎಂದು.

“ಅಲ್ಲಮ್ಮ,” ಅಂದೆ ಕೊನೆಗೆ. “ಹೇಳಿದ್ದು ನಾನು. ಅವನಿಗೆ ಬಾಯಿ ಬಿಡೋಕೂ ಬಿಡ್ಲಿಲ್ಲ.”

ಬರೆದದ್ದನ್ನು ಹೊಡೆದುಹಾಕಿ ಮತ್ತೆ ಬರೆದಳು. ಅವಳ ಬೆರಳು ಗಾಜಿನ ಮೇಲೆ ಐದು ಸಾಲು ಮೇಲಕ್ಕೆ ಹೋಯಿತು. ಗೂಡಂಗಡಿಗೂ ಆಗುವಷ್ಟು ಬಂತು. ಮೈದುನ ಎಡಗೈ ಹೆಬ್ಬೆಟ್ಟು ಒತ್ತಿದ. ನಾನು ನನಗೆ ಬರುವ ಎರಡು ಅಕ್ಷರದ ಸಹಿ ಹಾಕುವಾಗ ಕಾಗದ ಸರಿಯದಂತೆ ಅವನೇ ಮೊಂಡು ಕೈಯಿಂದ ಒತ್ತಿ ಹಿಡಿದ.

ಮೆಟ್ಟಿಲ ಮೇಲೆ ಅವನು ಫೋಟೋ ಕೇಳಿ ಪಡೆದ. ಅಕ್ಕನ ತೊಡೆಯ ಮೇಲಿನ ಕೂಸು ಬಲಗೈಯನ್ನು ಅಗಲವಾಗಿ ಚಾಚಿತ್ತು.

“ನೋಡಿ ಭಾವ, ಎಲ್ಲಾ ಇದಾವೆ,” ಅಂದ.

ನಾನು ಕಣ್ಣು ತಪ್ಪಿಸಿ, ವಯಸ್ಸಿನಿಂದ ದುಡ್ಡು ಕಮ್ಮಿಯಾದದ್ದು ನಿನಗೆ ಆವತ್ತೇ ಗೊತ್ತಾಗಿತ್ತಾ ಎಂದು ಕೇಳಿದೆ.

“ಪಟ್ಟಿ ಮೇಲೆ ಅವರು ಬೆರಳಿಟ್ಟಾಗಲೇ. ನೀವೇ ಹೇಳ್ತೀರಿ ಅಂತ ಕಾದೆ.” ಫೋಟೋವನ್ನು ಟವೆಲಿನಲ್ಲಿ ಸುತ್ತಲು ಒದ್ದಾಡಿ, ಆಗದೆ, ನನ್ನ ಕೈಗೇ ಕೊಟ್ಟ. “ಒಂದು ವಾರ ತಗೊಂಡ್ರಲ್ಲ ಭಾವ.”

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನೂ ಏನಾದರೂ ಅನ್ನಬಹುದಿತ್ತು.