ಅಕ್ಕ ತಿರುವಿದ ಪುಟಗಳು

ಮೂರನೇ ಪುಟ ಇನ್ನೂ ಅರ್ಧವಾಗಿರಲಿಲ್ಲ, ಅಕ್ಕ ಪಟಕ್ಕನೆ ತಿರುವಿಬಿಟ್ಟಳು.

ಪಿಯಾನೋ ನುಡಿಸುತ್ತಿದ್ದ ತಮ್ಮ ಉಳಿದರ್ಧವನ್ನು ಊಹೆಯ ಮೇಲೆ ದಾಟಿಸಿದ. ಎದುರಿಗೆ ಸಂಗೀತ ಶಾಲೆಯ ಮೂವರು ಪರೀಕ್ಷಕರು, ನಡುವೆ ಹಿರಿಯ ಮೇಷ್ಟ್ರು. ಇಪ್ಪತ್ತು ವರ್ಷದ ಹಿಂದೆ ಇದೇ ಮೇಷ್ಟ್ರು, "ಬರೆದವನಿಗಿಂತ ನೀನು ದೊಡ್ಡವನೇನೋ?" ಎಂದು ಅವನನ್ನು ಇದೇ ಕೋಣೆಯಿಂದ ಹೊರಗಟ್ಟಿದ್ದರು. ಅವನ ತಪ್ಪು ಇಷ್ಟೇ: ಬರೆದದ್ದರ ನಡುವೆ ಕೈಗೆ ಬಂದದ್ದನ್ನೆಲ್ಲ ಸೇರಿಸಿ ನುಡಿಸುತ್ತಿದ್ದ. ಆಮೇಲೆ ಹೋಟೆಲ್ಲು, ಮದುವೆ, ಹಡಗು ಅಂತ ನುಡಿಸಿ ನುಡಿಸಿ ಸಾಕಾಗಿ, ನಲವತ್ತೆರಡನೇ ವಯಸ್ಸಿಗೆ ಈ ಶಾಲೆಯಲ್ಲೇ ಕಾಯಂ ಕೆಲಸ ಕೇಳಿಕೊಂಡು ಬಂದಿದ್ದ. "ಬರೆದದ್ದಷ್ಟೇ ನುಡಿಸ್ತೀನಿ ಸಾರ್, ಒಂದು ಸ್ವರ ಹೆಚ್ಚಿಲ್ಲ, ಕಮ್ಮಿಯಿಲ್ಲ" ಎಂದು ಮಾತೂ ಕೊಟ್ಟಿದ್ದ. ಪರೀಕ್ಷೆಗೆ ನುಡಿಸಬೇಕಾದ ಕೃತಿ ಕೈಗೆ ಸಿಕ್ಕಿದ್ದು ನಿನ್ನೆ, ಬಾಯಿಪಾಠವಂತೂ ಇಲ್ಲ.

ಪುಟ ತಿರುವಬೇಕಾದ ಗೆಳೆಯನಿಗೆ ಜ್ವರ. ಹೊಲಿಗೆ ಅಂಗಡಿಗೆ ಬೀಗ ಹಾಕಿ ಅಕ್ಕನೇ ಬಂದಿದ್ದಳು.

"ಆ ಇರುವೆ ಸಾಲು ಓದೋಕೆ ನಂಗೆ ಬರಲ್ಲ ಕಣೋ."

"ಓದೋದು ಬೇಡ ಕಣೇ. ನಾನು ತಲೆ ಆಡಿಸಿದಾಗ ತಿರುವು, ಸಾಕು."

ತನ್ನ ವಾದನ ತನಗೇ ಹಿತವಾದರೆ ತಲೆ ತಾನಾಗಿಯೇ ಆಡುತ್ತದೆ ಅನ್ನುವುದು ಪುಣ್ಯಾತ್ಮನಿಗೆ ಗೊತ್ತೇ ಇರಲಿಲ್ಲ. ಇವತ್ತು ಬಹಳ ಹಿತವಾಗಿತ್ತು.

ಪಟಕ್. ಪಟಕ್. ಅವನು ಕಣ್ಣು ಕೆಕ್ಕರಿಸಿದ. ತಡವಾಯಿತೆಂದು ಬೈಯುತ್ತಿದ್ದಾನೆ ಅಂದುಕೊಂಡ ಅಕ್ಕ ಎರಡೆರಡು ಪುಟ ಒಟ್ಟಿಗೇ ತಿರುವಿದಳು. ಹನ್ನೆರಡು ನಿಮಿಷದ ಕೃತಿ ಐದೇ ನಿಮಿಷಕ್ಕೆ ರಟ್ಟು ಮುಟ್ಟಿತು. ಅಕ್ಕ ಪುಸ್ತಕ ಮುಚ್ಚಿ ಮಡಿಲಲ್ಲಿಟ್ಟುಕೊಂಡು ಪಿಸುಗುಟ್ಟಿದಳು, "ಆಯ್ತಲ್ಲೋ, ಏಳು."

ಅವನು ಏಳಲಿಲ್ಲ. ನಿಲ್ಲಿಸಿದರೆ ಕೆಲಸ ಹೋಗುತ್ತದೆ, ನುಡಿಸಿದರೂ ಹೋಗುತ್ತದೆ. ಹೋಗುವುದಾದರೆ ನುಡಿಸಿಕೊಂಡೇ ಹೋಗಲಿ ಅಂತ ಬಲಗೈಯನ್ನು ಹಗ್ಗ ಬಿಚ್ಚಿದ ಕರುವಿನ ಹಾಗೆ ಬಿಟ್ಟುಬಿಟ್ಟ. ಅದು ಕುಣಿಯಿತು, ಜಾರಿತು, ಎಲ್ಲೋ ಕತ್ತಲೆಯ ಮೂಲೆಗೆ ಹೋಗಿ ಬಿಕ್ಕಿತು, ಮತ್ತೆ ನಗುತ್ತ ಮನೆಗೆ ಬಂತು. ಪೂರಾ ಏಳು ನಿಮಿಷ.

ಮೇಷ್ಟ್ರು ಪುಸ್ತಕಕ್ಕೆ ಕೈಚಾಚಿದರು.

"ಆ ಬಿಕ್ಕಿದ್ದು ಯಾವ ಪುಟದಲ್ಲಿದೆ?"

ಅವನು ಬಾಯಿ ತೆರೆಯುವ ಮೊದಲೇ ಅಕ್ಕ ಎದ್ದು ನಿಂತಳು. "ಅವನದೇನೂ ತಪ್ಪಿಲ್ಲ ಸಾರ್, ನಿಮ್ಮ ಪುಸ್ತಕವೇ ಗಿಡ್ಡ. ಬಟ್ಟೆ ಸಾಲದಿದ್ರೆ ನಾವೂ ಬೇರೆ ತುಂಡು ಸೇರಿಸಿ ಹೊಲೀತೀವಪ್ಪ. ಹೊಲಿಗೆ ಎಲ್ಲಾದ್ರೂ ಕಾಣಿಸ್ತೇನು, ನೀವೇ ಹೇಳಿ?"

"ಇಬ್ಬರೂ ಆಚೆ ಕೂತಿರಿ."

ಆಚೆ ಬೆಂಚಿನ ಮೇಲೆ ಕೂತರು. ಸ್ವಲ್ಪ ಹೊತ್ತಿಗೆ ಉಳಿದ ಇಬ್ಬರು ಪರೀಕ್ಷಕರು ಹೊರಬಂದು ಕಾಫಿಗೆ ಹೋದರು. ಒಳಗೆ ಯಾರೋ ಪಿಯಾನೋ ತಡಕಾಡತೊಡಗಿದರು. ಒಂದೊಂದೇ ಸ್ವರ, ತಪ್ಪು, ಮತ್ತೆ ಮೊದಲಿಂದ.

"ಯಾರೋ ಹೊಸದಾಗಿ ಕಲಿಯೋರು, ಪಾಪ" ಎಂದಳು ಅಕ್ಕ.

ಅವನು ಬಾಗಿಲು ಸರಿಸಿ ಇಣುಕಿದ. ಮೇಷ್ಟ್ರು ಒಬ್ಬರೇ ಕೂತು, ಒಂದೇ ಬೆರಳಲ್ಲಿ ಆ ಬಿಕ್ಕುವ ಜಾಗವನ್ನು ಹುಡುಕುತ್ತಿದ್ದರು. ಮೂರು ಸಲ ತಪ್ಪಿದರು. ಆಮೇಲೆ, ತಿರುಗಿ ನೋಡದೆಯೇ, ತಮ್ಮ ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಸರಿದು ಕೂತರು.