ಹ್ಯಾನಾಳ ಹಾಡು

ಭಾನುವಾರ ಮಧ್ಯಾಹ್ನ ನಾಲ್ಕು ಗಂಟೆಗೆ ಕಾಂಡಿ ಬಾನರ್ ತನ್ನ ಹಾಡನ್ನು ಎರಡನೆಯ ಚರಣದಲ್ಲೇ ನಿಲ್ಲಿಸಿದ.

ಐರ್ಲೆಂಡಿನ ಡೊನೆಗಾಲ್ ಕರಾವಳಿಯ ಆ ಪಬ್ಬಿನಲ್ಲಿ ಭಾನುವಾರಗಳಂದು ಎಲ್ಲರೂ ಸರದಿಯಂತೆ ಹಾಡುತ್ತಾರೆ; ಒಬ್ಬರ ಹಾಡನ್ನು ಅವರೆದುರಿಗೆ ಇನ್ನೊಬ್ಬರು ಹಾಡುವುದಿಲ್ಲ. ಬೇರೆ ಕಡೆ ಹಾಡಿದರೆ, ಯಾರಿಂದ ಕಲಿತದ್ದೆಂದು ಹೇಳಬೇಕು. ಮುಳುಗಿದ ದೋಣಿಯ ಆ ಹಾಡು ಕಾಂಡಿಯ ಹೆಂಡತಿ ಹ್ಯಾನಾಳದು. ಅವಳು ತೀರಿಕೊಂಡ ಮೇಲೆ ಅವನದಾಯಿತು. ಅವನಿಗೆ ಬರುತ್ತಿದ್ದದ್ದು ಅದೊಂದೇ. ವಾರವಿಡೀ ಒಬ್ಬನೇ ಇರುತ್ತಿದ್ದವನು ಭಾನುವಾರ ಅದಕ್ಕಾಗಿ ಗಡ್ಡ ಹೆರೆದುಕೊಂಡು ಬರುತ್ತಿದ್ದ.

ಅವನು ನಿಲ್ಲಿಸಿದ್ದು ಬಾಗಿಲ ಬಳಿ ಕುಳಿತ ಪ್ರವಾಸಿಯೊಬ್ಬ ಹೆಂಡತಿಗೆ ಹೇಳಿದ ಮಾತು ಕೇಳಿ: "ಇದು ನಾಬ್ಲಾ ಸ್ವೀನಿ ಹಾಡು ಕಣೇ. ಅಜ್ಜ ರೆಕಾರ್ಡ್ ಕೇಳಿ ಕಲ್ತಿರ್ಬೇಕು."

ನಾಬ್ಲಾ ಅಲ್ಲೇ ಇದ್ದಳು, ಪಿಟೀಲನ್ನು ತೊಡೆಯ ಮೇಲಿಟ್ಟುಕೊಂಡು. ಇದೇ ಊರಿನವಳು. ಸ್ಕಾಟ್ಲೆಂಡ್ ಮತ್ತು ಐರ್ಲೆಂಡಿನ ಹಳೆಯ ಹಾಡುಗಳ ಅವಳ ಆಲ್ಬಮ್ ವಸಂತದಲ್ಲಿ ಹೊರಬಂದಿತ್ತು. ಈ ಹಾಡನ್ನು ಹ್ಯಾನಾಳ ಅಡುಗೆಮನೆಯಲ್ಲಿ ಕಲಿತಿದ್ದಳು. ಆಲ್ಬಮ್ಮಿನ ಮೇಲೆ 'ಸಾಂಪ್ರದಾಯಿಕ' ಎಂದಷ್ಟೇ ಅಚ್ಚಾಗಿತ್ತು; ಹ್ಯಾನಾಳ ಹೆಸರಿರಲಿಲ್ಲ.

ಪಬ್ಬಿನ ಮಾಲೀಕ ಮ್ಯಾನಸ್ ಅವಳನ್ನು ನೋಡಿದ. ಎಲ್ಲರೂ ನೋಡಿದರು. ಅವಳು ಒಂದು ಹೆಸರು ಹೇಳಿದ್ದರೆ ಸಾಕಿತ್ತು. ಆದರೆ ಪ್ರವಾಸಿ ಆಗಲೇ ಅವಳ ಗುರುತು ಹಿಡಿದು ಮುಗುಳ್ನಗುತ್ತಿದ್ದ. ನಾಬ್ಲಾಳೂ ಮುಗುಳ್ನಕ್ಕಳು.

"ಏನ್ ಕಾಂಡಿ, ಮರ್ತೋಯ್ತಾ?" ಎಂದ ಮ್ಯಾನಸ್. "ಹ್ಯಾನಾ ಇದ್ದಿದ್ರೆ ಕಿವಿ ಹಿಂಡ್ತಿದ್ಲು."

"ಹಿಂಡಿ ಹಿಂಡೀನೇ ಅವಳಿಗೆ ಕೈನೋವು ಬಂದಿದ್ದು," ಎಂದ ಕಾಂಡಿ. ಕೆಲವರು ನಕ್ಕರು.

ಹಾಡುವವರು ತಡವರಿಸಿದರೆ ಪಕ್ಕದವರು ಕೈಹಿಡಿದು, ಲಯಕ್ಕೆ ತಕ್ಕಂತೆ ಮೆಲ್ಲಗೆ ಆಡಿಸುತ್ತ ಜೊತೆ ಕೊಡುವುದು ವಾಡಿಕೆ. ನಾಬ್ಲಾ ಎದ್ದುಹೋಗಿ ಅವನ ಕೈಹಿಡಿದಳು.

"ಹಾಡಿ, ಕಾಂಡಿ ಮಾಮ. ನಾನಿದ್ದೀನಿ."

ಅವನು ಕೈ ಬಿಡಿಸಿಕೊಂಡ; ಒರಟಾಗಿ ಅಲ್ಲ. "ನೀನೇ ಹಾಡು ಮಗಳೇ. ನಾನು ಹಾಡಿದ್ರೆ ನಕಲು ಅಂತಾರೆ."

"ಯಾರಂತಾರೆ?"

"ಆಗ್ಲೇ ಅಂದಾಯ್ತಲ್ಲ."

ಹಾಡಿನ ಒಡೆಯರೇ ತಮ್ಮೆದುರು ಹಾಡಲು ಇನ್ನೊಬ್ಬರಿಗೆ ಹೇಳಿದರೆ, ಹಾಡನ್ನು ಅವರಿಗೆ ಕೊಟ್ಟುಬಿಟ್ಟ ಹಾಗೆ. ಅದು ನಾಬ್ಲಾಳಿಗೂ ಗೊತ್ತಿತ್ತು. ಆದರೂ ಹಾಡಿದಳು. ಚೆನ್ನಾಗಿಯೇ ಹಾಡಿದಳು. ಮುಗಿಸಿ, "ಇದನ್ನ ಹ್ಯಾನಾ ಬಾನರ್ ಹತ್ರ ಕಲ್ತೆ," ಎಂದಳು. ಚಪ್ಪಾಳೆಯಲ್ಲಿ ಅದು ಬಾಗಿಲವರೆಗೆ ಮುಟ್ಟಲಿಲ್ಲ. ಕಾಂಡಿಯೂ ಚಪ್ಪಾಳೆ ತಟ್ಟುತ್ತಿದ್ದ.

ಮುಂದಿನ ಭಾನುವಾರವೂ ಅವನು ಬಂದ. ತನ್ನ ಸರದಿ ಬಂದಾಗ, ಹಾಡು ಬಾರದವರು ಮಾಡುವಂತೆ, ಒಂದು ಕಥೆ ಹೇಳಿದ.