ಫಕೀರವ್ವನ ಬಂಡಿದಾರಿ ದಾವೆ

ಸಪ್ತಾಪುರದ ಬಾಡಿಗೆ ಕೋಣೆಯ ಬಾಗಿಲಿಗೆ ಸುಲಭಾ ತನ್ನ ಹೆಸರಿನ ಫಲಕ ಹೊಡೆಸಿ ಹತ್ತು ತಿಂಗಳಾಗಿತ್ತು. ೧೯೯೬ನೆಯ ಇಸವಿ. ಕಕ್ಷಿದಾರರು ಬರುವ ಮೊದಲೇ ಗುಬ್ಬಿ ಬಂದು ಫಲಕದ ಹಿಂದೆ ಗೂಡು ಕಟ್ಟಿತ್ತು. ವರ್ಷದೊಳಗೆ ಒಂದಾದರೂ ದಾವೆ ಗೆಲ್ಲದಿದ್ದರೆ ಮತ್ತೆ ಹಿರಿಯ ವಕೀಲರ ಕಚೇರಿಗೆ ಹೋಗಿ ಅರ್ಜಿ ನಕಲು ಮಾಡುತ್ತ ಕೂಡುತ್ತೇನೆಂದು ಅಪ್ಪನಿಗೆ ಮಾತು ಕೊಟ್ಟಿದ್ದಳು. ಕೈಯಲ್ಲಿದ್ದದ್ದು ಒಂದೇ ದಾವೆ, ಹಳ್ಳಿಯ ಫಕೀರವ್ವನದು.

ಫಕೀರವ್ವನ ಹೊಲದ ಹತ್ತಿ ಮನೆ ಸೇರಬೇಕಾದರೆ ಮೈಲಾರಪ್ಪನ ಬದುವಿನ ಮೇಲಿನ ಬಂಡಿದಾರಿಯೇ ಗತಿ. ಆತ ಅದಕ್ಕೆ ಮುಳ್ಳು ಬಡಿದು, ಅಲ್ಲಿ ದಾರಿ ಎಂಬುದೇ ಎಂದೂ ಇರಲಿಲ್ಲ ಎನ್ನುತ್ತಿದ್ದ.

ಮೊದಲ ದಿನ ಫಕೀರವ್ವನ ಹಿಂದೆಯೇ ರುಮಾಲಿನ ಗಂಡಸೊಬ್ಬ ಒಳಗೆ ಬಂದು ಕೂತ. ಮಾತುಮಾತಿಗೆ ಚಿಗವ್ವ, ಚಿಗವ್ವ ಎನ್ನುತ್ತಿದ್ದ. ಮನೆಯವನೇ ಇರಬೇಕೆಂದು ಸುಲಭಾ ಅವನಿಗೂ ಅವಲಕ್ಕಿ ಕೊಟ್ಟು, ಸಾಕ್ಷಿ ಯಾರು, ಯಾರಿಗೆ ಏನು ಕೇಳುವುದು, ಎಲ್ಲವನ್ನೂ ಬಿಡಿಸಿ ಹೇಳಿದಳು. ಏಳುವಾಗ ಹೆಸರು ಕೇಳಿದರೆ, ಮೈಲಾರಪ್ಪ.

"ಇವರನ್ಯಾಕ ಕರಕೊಂಡ ಬಂದ್ರಿ?"

"ಇವನ ಬಂಡಿ ಡಾಂಬರ್ ರಸ್ತೇತನಕ ಬರತೈತಲ್ಲವ್ವಾ, ಅಲ್ಲಿಂದ ಬಸ್ಸು," ಎಂದಳು ಫಕೀರವ್ವ. "ವ್ಯಾಜ್ಯ ಐತಂತ ಮುದಿಕಿ ನಡಕೋತ ಬರಬೇಕೇನು?"

ಮೈಲಾರಪ್ಪ ತಲೆಯಾಡಿಸಿ, ಅವಲಕ್ಕಿ ಛಲೋ ಆಗಿದೆ ಎಂದ.

ಆಮೇಲೆ ಸುಲಭಾ ಅವನನ್ನು ಹೊರಗೆ ಕೂಡಿಸತೊಡಗಿದಳು. ಏನೂ ಉಪಯೋಗವಾಗಲಿಲ್ಲ. ಒಳಗೆ ಕೇಳಿದ್ದನ್ನೆಲ್ಲ ಫಕೀರವ್ವ ಬಸ್ಸಿನಲ್ಲಿ ಅವನಿಗೆ ಒಪ್ಪಿಸುತ್ತಿದ್ದಳು, ಹೊತ್ತು ಹೋಗಬೇಕಲ್ಲ. ಮರುದಿನ ಅದು ಎದುರು ವಕೀಲ ರಮಾಕಾಂತರ ಬಾಯಲ್ಲಿರುತ್ತಿತ್ತು. ಕಡೆಗೆ ಸುಲಭಾ ಕೈಮುಗಿದು, ಸಾಕ್ಷಿ ಮುಗಿಯುವ ತನಕ ಅವನ ಕೂಡ ಒಂದು ಮಾತೂ ಆಡಬೇಡಿ ಎಂದು ಕೇಳಿಕೊಂಡಳು. ಫಕೀರವ್ವ ಬಾಯಿಗೆ ಸೆರಗು ಹಿಡಿದು ಹೂಂ ಎಂದಳು.

ಸಾಕ್ಷಿಯ ದಿನ ಮೈಲಾರಪ್ಪ ಕಟಕಟೆ ಹತ್ತಿದಾಗ ಅವನ ಮುಖ ಹುಳಿ ಮಜ್ಜಿಗೆ ಕುಡಿದಂತಿತ್ತು. ಸುಲಭಾ ಹದಿನಾಲ್ಕು ಪ್ರಶ್ನೆ ಬರೆದು ತಂದಿದ್ದಳು. ಹದಿಮೂರಕ್ಕೂ ಆತ ದಾರಿ ಇಲ್ಲ, ಇರಲಿಲ್ಲ ಎಂದ. ಹದಿನಾಲ್ಕನೆಯದನ್ನು ಕೇಳುವ ಮೊದಲೇ ಆತ ನ್ಯಾಯಾಧೀಶರತ್ತ ತಿರುಗಿದ.

"ಸಾಹೇಬ್ರ, ದಾರೀದು ಇರ್ಲಿ, ಮೊದಲ ನಮ್ಮ ಚಿಗವ್ವಗ ಮಾತಾಡಂತ ಹೇಳ್ರಿ. ಹದಿನೈದ ದಿನಾತು. ಇವತ್ತ ಮುಂಜಾನಿನೂ ನನ್ನ ಬಂಡ್ಯಾಗ ಕುಂತು ಆ ಕಡೆ ಮಾರಿ ಮಾಡ್ಕೊಂಡ ಬಂದಾಳ. ಎತ್ತಿನ ಕೂಡ ಮಾತಾಡ್ತಾಳ, ನನ್ನ ಕೂಡ ಇಲ್ಲ."

ಸುಲಭಾ ಹಾಳೆ ಕೆಳಗಿಟ್ಟಳು. "ಬಂಡಿ ಯಾವ ದಾರೀಲೆ ಬಂತ್ರಿ?"

"ಬದುವಿನ ಮ್ಯಾಲಿನ ದಾರೀಲೆ, ಮುಳ್ಳು ಸರಿಸಿ. ನಮ್ಮಪ್ಪನ ಕಾಲದಿಂದ ಅದೊಂದ ದಾರಿ ಅಲ್ಲೇನ್ರಿ?"

ಏಳಲು ಹೊರಟ ರಮಾಕಾಂತರು ಹಾಗೆಯೇ ಕೂತರು. ನ್ಯಾಯಾಧೀಶರು ಆ ಉತ್ತರವನ್ನು ಎರಡು ಸಲ ಹೇಳಿಸಿ ಬರೆಸಿಕೊಂಡರು.

ವರ್ಷ ತುಂಬುವ ಮೊದಲೇ ತೀರ್ಪು ಫಕೀರವ್ವನ ಕಡೆಗಾಯಿತು, ಹತ್ತಿ ಮನೆ ಸೇರಿತು. ಮುಂದಿನ ಸೋಮವಾರ ಸುಲಭಾ ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ಮೈಲಾರಪ್ಪ. ಜಗಳಕ್ಕೆ ಬಂದನೆಂದು ಅವಳು ಬಾಗಿಲನ್ನು ಅರ್ಧ ಮುಚ್ಚಿ ಹಿಡಿದಳು. ಆತ ಚೀಲದಿಂದ ಕಾಗದದ ಕಟ್ಟೊಂದನ್ನು ತೆಗೆದ. ಬಾವಿಯೊಂದರ ಸಲುವಾಗಿ ಬೀಗನ ಮೇಲೆ ದಾವೆ ಹೂಡಬೇಕಂತೆ. ರಮಾಕಾಂತರು ಇದ್ದಾರಲ್ಲ ಎಂದು ಸುಲಭಾ ನೆನಪು ಮಾಡಿದಳು.

"ಅವರು ನನಗ ಸುಳ್ಳ ಹೇಳಾಕ ಕಲಿಸಿದ್ರು, ನೀವು ಖರೇ ಹೊರಡಿಸಿದ್ರಿ. ನಮ್ಮ ಬೀಗಾ ಸುಳ್ಳಿನ್ಯಾಗ ನನ್ನ ಅಪ್ಪ ಅದಾನ್ರಿ. ಅವಗ ನೀವ ಬೇಕು."

ಸುಲಭಾ ಅವನನ್ನು ಒಳಗೆ ಕರೆದು, ಹೊಸ ಕಡತಕ್ಕೆ ದಾರ ಕಟ್ಟಿ, ಬೀಗನ ಹೆಸರು ಕೇಳಿದಳು.